ಕನಕನ ಕೊನೆಯ ಹನ್ನೆರಡು ದಿನಗಳು

ಯುಗಾದಿಗೆ ನಾಲ್ಕು ದಿನ ಮುಂಚಿತವಾಗಿ, ಗೋಡೆಗಳಿಗೆ ಸುಣ್ಣ ಬಳಿಸಿ, ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಹುಣಿಸೆಹಣ್ಣು ಹಚ್ಚಿ ಬೆಳಗಿಸಿಯಾದ ಮೇಲೆ, ನಡುಮನೆಯ ಕಿಟಕಿಯ ಬಳಿ ಇದ್ದ ಗಾಜಿನ ತೊಟ್ಟಿಯೊಂದು ಮಾತ್ರ ಹಬ್ಬದ ಶೋಭೆಗೆ ಹೊರಗಾಗಿ ಉಳಿಯಬಾರದೆಂದು ಭಾವಿಸಿ, ನಾನೇ ಅದನ್ನು ಬರಿದುಮಾಡಿ, ತಳದ ಹರಳುಗಳನ್ನು ಬಕೆಟ್ಟಿನಲ್ಲಿ ಉಜ್ಜಿ, ನೀರು ಸೋಸುವ ಯಂತ್ರದೊಳಗಿನ ಸ್ಪಂಜನ್ನು ನಲ್ಲಿಯ ಧಾರೆಯ ಕೆಳಗೆ ಹಿಡಿದು, ಅದರ ಕಂದುಬಣ್ಣದ ಲೋಳೆಯೆಲ್ಲ ಕಳೆದು ಅಂಗಡಿಯಿಂದ ತಂದ ದಿನದ ಬಿಳುಪು ಬರುವವರೆಗೆ ಹಿಂಡಿದೆನು. ಅದಾದ ಹನ್ನೆರಡನೆಯ ದಿನದ ಮುಂಜಾವಿನಲ್ಲಿ, ಆ ತೊಟ್ಟಿಯ ಏಕೈಕ ನಿವಾಸಿಯಾಗಿದ್ದ ಹೊಂಬಣ್ಣದ ಮೀನು ಒಂದು ಮಗ್ಗುಲಿಗೆ ವಾಲಿ ನೀರಿನ ಮೇಲ್ಮೈಯಲ್ಲಿ ನಿಶ್ಚೇಷ್ಟಿತವಾಗಿ ತೇಲುತ್ತಿದ್ದಿತು. ಈ ಎರಡು ಸಂಗತಿಗಳಿಗೂ ಕಾರ್ಯಕಾರಣಸಂಬಂಧವಿದ್ದಿತೆಂಬುದು ಆಗ ನನಗೆ ಹೊಳೆಯಲಿಲ್ಲ. ಅದನ್ನು ತಿಳಿಸಿಕೊಟ್ಟುದು ಮನೆಯ ಹಳೆಯ ಕಂಪ್ಯೂಟರು, ಹಣ ತೆರದೆ ದೊರೆತ ಮೂರು ತಂತ್ರಾಂಶಗಳು, ಮತ್ತು ಹತ್ತು ವರ್ಷದ ಮೊಮ್ಮಗಳ ಹಟ.

ಕನಕ ಎಂಬುದು ಅವಳಿಟ್ಟ ಹೆಸರು. ನಮ್ಮ ಮನೆಗೆ ಬಂದಾಗ ಹೆಬ್ಬೆರಳಿನಷ್ಟಿದ್ದುದು ಐದು ವರ್ಷಗಳಲ್ಲಿ ಗೇಣಿಗೆ ಸಮೀಪವಾಗಿ ಬೆಳೆದು, ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದ ಸದ್ದಿಗೇ ಗಾಜಿನ ಬಳಿಗೆ ಧಾವಿಸುವಷ್ಟು ನಮ್ಮನ್ನು ಬಲ್ಲುದಾಗಿದ್ದಿತು. ಹೊಂಬಣ್ಣದ ಮೀನಿಗೆ ಕ್ಷಣಕಾಲದ ನೆನಪು ಮಾತ್ರವೆಂದು ಹೇಳುವವರುಂಟು. ಅದು ನಿಜವಲ್ಲ, ಕಲಿತುದನ್ನು ಅವು ತಿಂಗಳುಗಟ್ಟಲೆ ಉಳಿಸಿಕೊಳ್ಳಬಲ್ಲವೆಂದು ಪ್ರಯೋಗಗಳು ತೋರಿಸಿಕೊಟ್ಟಿವೆ. ಸಾವಿರ ವರ್ಷಗಳಿಗೂ ಹಿಂದೆ ಚೀನಾದೇಶದ ಕೊಳಗಳಲ್ಲಿ, ಬೂದುಬಣ್ಣದ ಸಾಧಾರಣ ಮೀನುಗಳ ನಡುವೆ ಅಪೂರ್ವವಾಗಿ ಹುಟ್ಟುತ್ತಿದ್ದ ಹೊಂಬಣ್ಣದವನ್ನು ಆರಿಸಿ ಸಾಕಿ ಸಾಕಿ ಬಂದ ವಂಶವಿದು. ಸರಿಯಾದ ಆರೈಕೆಯಿದ್ದರೆ ದೀರ್ಘಾಯುಷಿ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಮನೆಯೊಂದರಲ್ಲಿ ಇಂಥದೊಂದು ಮೀನು 43 ವರ್ಷ ಬಾಳಿ 1999ರಲ್ಲಿ ಅಸುನೀಗಿತು. ಇದನ್ನು ಓದಿದಂದಿನಿಂದ ಕನಕನ ಐದು ವರ್ಷಗಳು ನನಗೆ ಮತ್ತಷ್ಟು ಅಲ್ಪವಾಗಿ ಕಾಣತೊಡಗಿದವು.

ಮೀನಿಗಾಗಿ ಅಳುವುದುಂಟೆ ಎಂದು ನೆರೆಯ ಹಿರಿಯರೊಬ್ಬರು ಮಗುವನ್ನು ಸಮಾಧಾನಪಡಿಸುವ ಭರದಲ್ಲಿ ಕೇಳಿದರು. ಉಂಟು. ನಮ್ಮ ನಾಡಿನಲ್ಲಿಯೇ ಉಂಟು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ದೇವಾಲಯದ ಮುಂದೆ ಹರಿಯುವ ಕಪಿಲಾ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಜನ, 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷವಿಕ್ಕಿ ಅವುಗಳನ್ನು ರಾಶಿರಾಶಿಯಾಗಿ ಕೊಂದಾಗ, ಸತ್ತ ಮೀನುಗಳ ನೆನಪಿಗೆ ಅಲ್ಲಿಯೇ ಸ್ಮಾರಕವೊಂದನ್ನು ನಿಲ್ಲಿಸಿದರು. ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಕುಳಿತು, ಅಂಗೈಯ ಮಂಡಕ್ಕಿಗಾಗಿ ಮೇಲೆದ್ದು ಬರುವ ಮೀನುಗಳ ಬೆನ್ನನ್ನು ನೋಡಿದವರಾರೂ ಅವುಗಳನ್ನು ಕೇವಲ ಜಲಚರವೆಂದು ಎಣಿಸಲಾರರು. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇರುವುದಷ್ಟೆ. ಅದು ಗಾಳದ ವಿನೋದವೆಂಬುದು ಸತ್ಯವಾದರೂ, ಯಾವ ಮೀನಿನ ಲಕ್ಷಣವೇನು, ಯಾವುದಕ್ಕೆ ಯಾವ ಆಹಾರ ಪ್ರಿಯ ಎಂದು ವಿವರವಾಗಿ ಹೇಳುವ ಆ ಪುಟಗಳ ಹಿಂದೆ, ನೀರಿನ ಅಂಚಿನಲ್ಲಿ ಬಹುಕಾಲ ಕುಳಿತು ನೋಡಿದವರ ಕಣ್ಣುಗಳಿವೆ.

ನಮ್ಮ ಮಗುವೂ ಹಾಗೆ ನೋಡಿದವಳೇ. ತೊಟ್ಟಿಯೊಡನೆ ಕೊಂಡ ನೀರಿನ ಪರೀಕ್ಷೆಯ ಪೆಟ್ಟಿಗೆಯೊಂದಿದ್ದಿತು: ಗಾಜಿನ ಕೊಳವೆಗೆ ಐದು ಮಿಲಿಲೀಟರು ನೀರು ತುಂಬಿ ಎರಡು ದ್ರಾವಣಗಳ ಹನಿಗಳನ್ನು ಬಿಟ್ಟರೆ, ನೀರಿನಲ್ಲಿ ಅಮೋನಿಯಾ ಇಲ್ಲದಿರುವಾಗ ಹಳದಿಯಾಗಿ, ಇದ್ದಷ್ಟೂ ಹಸುರಾಗಿ ತಿರುಗುವಂಥದು. ಎರಡು ದಿನಕ್ಕೊಮ್ಮೆ ಅವಳು ಅದನ್ನು ಮಾಡಿ, ಕೊಳವೆಯನ್ನು ಬಣ್ಣದ ಚೌಕಗಳುಳ್ಳ ಬಿಳಿಯ ಹಲಗೆಗೆ ಒರಗಿಸಿ, ಫೋನಿನಿಂದ ಚಿತ್ರ ತೆಗೆದಿಡುತ್ತಿದ್ದಳು. ಜೊತೆಗೆ ಕನಕ ಈಜುವುದರ ಅರ್ಧ ನಿಮಿಷದ ಚಲನಚಿತ್ರವೂ ಇರುತ್ತಿದ್ದಿತು. ಹಬ್ಬದ ಗಡಿಬಿಡಿಯಲ್ಲಿಯೂ ಅವಳ ವ್ರತ ತಪ್ಪಿರಲಿಲ್ಲ. ಪರೀಕ್ಷೆಯ ಪ್ರತಿ ಸಂಜೆಯೂ ಬಣ್ಣ ನೋಡಿ, ಹಳದಿಯೇ ಇದೆಯಲ್ಲವೆ ತಾತಾ ಎಂದು ಕೇಳುವಳು. ನಾನೂ ಕನ್ನಡಕ ಸರಿಪಡಿಸಿಕೊಂಡು ನೋಡಿ, ಹೌದು ಹಳದಿಯೇ ಎಂದು ಹೇಳುವೆನು.

ಮೀನನ್ನು ದಾಸವಾಳದ ಗಿಡದ ಬುಡದಲ್ಲಿ ಮಣ್ಣುಮಾಡಿದ ಮರುದಿನ ಅವಳು ಕೇಳಿದ ಪ್ರಶ್ನೆ ಒಂದೇ: ಎಲ್ಲವೂ ಹಳದಿಯಾಗಿಯೇ ಇದ್ದ ಮೇಲೆ ಅವನು ಸತ್ತದ್ದೇಕೆ? ನನ್ನಲ್ಲಿ ಉತ್ತರವಿರಲಿಲ್ಲ, ಅವಳ ಫೋನಿನಲ್ಲಿ ಚಿತ್ರಗಳಿದ್ದವು.

ಆ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ ಪರೀಕ್ಷಿಸೋಣವೆಂದು ಹೊರಟಾಗ, ಉಚಿತವೆಂಬ ಮಾತಿನ ಎರಡು ಬಗೆಯ ಅರ್ಥ ನನಗೆ ಮೊದಲ ಬಾರಿಗೆ ಸ್ಪಷ್ಟವಾಯಿತು. ಮೊದಲು ದೊರೆತ ಸಾಧನವೊಂದು ಉಚಿತವೆಂದು ಕರೆದು, ಮೇಲ್ವಿಳಾಸ ಕೇಳಿ, ಚಿತ್ರವನ್ನು ತನ್ನ ಬಳಿಗೆ ತರಿಸಿಕೊಂಡು, ಕೊನೆಗೆ ಕನಕನ ಮೈಮೇಲೆ ತನ್ನ ಹೆಸರಿನ ಮುದ್ರೆಯನ್ನೊತ್ತಿ ಹಿಂದಿರುಗಿಸಿತು. ಮುದ್ರೆ ತೆಗೆಯಬೇಕಾದರೆ ತಿಂಗಳಿಗಿಷ್ಟೆಂದು ಹಣ ತೆರಬೇಕು. ಅದು ಬೆಲೆಯಿಲ್ಲದುದು ಮಾತ್ರ. ಇನ್ನೊಂದು ಬಗೆಯುಂಟು: ಯಾವ ಉದ್ದೇಶಕ್ಕಾದರೂ ಬಳಸಲು, ಒಳಗಿನ ರಚನೆಯನ್ನು ತೆರೆದು ನೋಡಿ ಬದಲಿಸಿಕೊಳ್ಳಲು, ಇತರರಿಗೆ ಹಂಚಲು, ತಿದ್ದಿದುದನ್ನೂ ಹಂಚಲು ಎಲ್ಲರಿಗೂ ಸ್ವಾತಂತ್ರ್ಯವಿರಬೇಕೆಂಬ ಸಂಕಲ್ಪದಿಂದ, 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತನು ಗ್ನೂ ಎಂಬ ಯೋಜನೆಯನ್ನು ಸಾರಿದಂದಿನಿಂದ ಬೆಳೆದು ಬಂದ ತಂತ್ರಾಂಶಗಳವು. ಇಂಗ್ಲಿಷಿನಲ್ಲಿ ಬೆಲೆಯಿಲ್ಲದುದಕ್ಕೂ ಬಂಧನವಿಲ್ಲದುದಕ್ಕೂ ಒಂದೇ ಶಬ್ದವಾದುದರಿಂದ ಆತನು ಅಂದಿನಿಂದಲೂ ಆ ಭೇದವನ್ನು ವಿವರಿಸುತ್ತ ಬರಬೇಕಾಗಿದೆ. ನಮ್ಮ ನುಡಿಗೆ ಆ ಸಂಕಟವಿಲ್ಲ. ಒಂದನ್ನು ಉಚಿತವೆನ್ನುತ್ತೇವೆ, ಇನ್ನೊಂದನ್ನು ಮುಕ್ತವೆನ್ನುತ್ತೇವೆ. ಗಾಳ, ಕ್ಯಾಮೆರಾ, ಕಂಪ್ಯೂಟರುಗಳನ್ನು ಒಂದೇ ಕುತೂಹಲದಿಂದ ಕೈಗೆತ್ತಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು, ಕನ್ನಡಕ್ಕೆ ಸಮರ್ಥವಾದ ತಂತ್ರಾಂಶ ಬೇಕೆಂದು ತಮ್ಮ ಕೊನೆಯ ವರ್ಷಗಳಲ್ಲಿ ಅಷ್ಟೊಂದು ತಹತಹಿಸಿದುದರ ಮರ್ಮ, ಮಗುವಿನೊಡನೆ ಆ ತೆರೆಯ ಮುಂದೆ ಕುಳಿತಾಗ ನನಗೆ ಇನ್ನಷ್ಟು ಹತ್ತಿರವಾಯಿತು.

ನಾವು ಮೊದಲು ತೆರೆದುದು ಗಿಂಪ್ ಎಂಬುದನ್ನು. ಬರ್ಕ್ಲಿಯ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ತೊಡಗಿದ ಈ ಚಿತ್ರಸಂಸ್ಕಾರದ ಸಾಧನ ಇಂದು ಲೋಕದ ಅನೇಕರ ಶ್ರಮದಾನದಿಂದ ಬೆಳೆದಿದೆ. ಇದರಲ್ಲಿ ಲೆವೆಲ್ಸ್ ಎಂಬ ಒಂದು ಪೆಟ್ಟಿಗೆಯಿದೆ. ಅಲ್ಲಿರುವ ಪುಟ್ಟ ಬಣ್ಣಗೊಳವೆಯನ್ನು ಹಿಡಿದು, ಚಿತ್ರದಲ್ಲಿ ವಾಸ್ತವವಾಗಿ ಬೆಳ್ಳಗಿರಬೇಕಾದ ಜಾಗವನ್ನು ಮುಟ್ಟಿ ತೋರಿಸಿದರೆ, ಅದನ್ನೇ ಬಿಳುಪಿನ ಪ್ರಮಾಣವಾಗಿಟ್ಟುಕೊಂಡು ಉಳಿದ ಬಣ್ಣಗಳೆಲ್ಲವನ್ನೂ ಅದು ಸರಿಹೊಂದಿಸುತ್ತದೆ. ಮೊಮ್ಮಗಳು ಪರೀಕ್ಷೆಯ ಹಲಗೆಯ ಅಂಚಿನ ಬಿಳುಪನ್ನು ಮುಟ್ಟಿದಳು. ಚಿತ್ರದ ಮೇಲಿನಿಂದ ಅರಿಶಿನದ ತೆರೆಯೊಂದನ್ನು ಯಾರೋ ಸೆಳೆದಂತಾಯಿತು. ಗೋಡೆ ಬೆಳ್ಳಗಾಯಿತು, ಅವಳ ಬೆರಳು ತನ್ನ ಬಣ್ಣಕ್ಕೆ ಮರಳಿತು, ಕೊಳವೆಯ ನೀರು ಹಸುರಾಗಿ ನಿಂತಿತು.

ನಡುಮನೆಯಲ್ಲಿ ನಾವು ಉರಿಸುವ ದೀಪ ಹಳದಿ ಬೆಳಕಿನದು. ಕಣ್ಣಿಗೆ ಹಿತವೆಂದು ನಾನೇ ತಂದು ಹಾಕಿಸಿದುದು. ನೀಲದ ಅಂಶ ಕಡಮೆಯಿರುವ ಆ ಬೆಳಕಿನಲ್ಲಿ ಹಳದಿಗೂ ತಿಳಿಹಸುರಿಗೂ ಇರುವ ಅಂತರ ಕ್ಷೀಣವಾಗಿ, ಎರಡೂ ಒಂದೇ ಎಂಬಂತೆ ತೋರುತ್ತವೆ. ನಾವಿಬ್ಬರೂ ಪ್ರತಿ ಸಲವೂ ಪ್ರಾಮಾಣಿಕವಾಗಿ ನೋಡಿ, ಪ್ರಾಮಾಣಿಕವಾಗಿ ತಪ್ಪು ಹೇಳಿದೆವು. ಗಿಂಪಿನ ಇನ್ನೊಂದು ಕೊಳವೆಯಿಂದ ಯಾವ ಬಿಂದುವನ್ನು ಮುಟ್ಟಿದರೂ ಅಲ್ಲಿನ ಕೆಂಪು, ಹಸುರು, ನೀಲಗಳು 0ಯಿಂದ 255ರವರೆಗಿನ ಅಂಕಗಳಲ್ಲಿ ಎಷ್ಟೆಷ್ಟಿವೆಯೆಂದು ತಿಳಿಯುತ್ತದೆ. ಕೊಳವೆಯ ನೀರಿನ ಅಂಕಗಳನ್ನೂ ಹಲಗೆಯ ಪ್ರತಿಯೊಂದು ಚೌಕದ ಅಂಕಗಳನ್ನೂ ಬರೆದುಕೊಂಡು ಹೋಲಿಸಿದಾಗ, ಶುದ್ಧೀಕರಣಕ್ಕೆ ಮುಂಚೆ ಸೊನ್ನೆಗೆ ಹತ್ತಿರವಿದ್ದ ಅಮೋನಿಯಾ, ನಾಲ್ಕನೆಯ ದಿನ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ, ಆರನೆಯ ದಿನ ಒಂದು, ಎಂಟನೆಯ ದಿನ ಎರಡು ಮಿಲಿಗ್ರಾಂ ಆಗಿದ್ದಿತೆಂದು ಕಂಡುಬಂದಿತು. ಇಂಥ ಹೋಲಿಕೆ ಪ್ರಯೋಗಾಲಯದ ಸೂಕ್ಷ್ಮತೆಯುಳ್ಳುದಲ್ಲವೆಂಬುದನ್ನು ಬಲ್ಲೆ. ಏರಿಕೆಯ ದಿಕ್ಕಿನಲ್ಲಿ ಮಾತ್ರ ಸಂಶಯಕ್ಕೆ ಎಡೆಯಿರಲಿಲ್ಲ.

ಏರಿದುದೇಕೆ? ಇಲ್ಲಿಯೇ ನನ್ನ ಕೈಯ ಕೆಲಸ ಬರುವುದು. ಮೀನು ತಿಂದ ಅನ್ನದ ಸಾರಜನಕ ಬಹುಮಟ್ಟಿಗೆ ಅಮೋನಿಯಾ ರೂಪದಲ್ಲಿ ಅದರ ಕಿವಿರುಗಳ ಮೂಲಕವೇ ನೀರಿಗೆ ಹೊರಬೀಳುತ್ತದೆ. ಹೊಳೆಯಲ್ಲಾದರೆ ಪ್ರವಾಹ ಅದನ್ನು ಒಯ್ಯುತ್ತದೆ. ತೊಟ್ಟಿಯಲ್ಲಿ ಒಯ್ಯುವವರು ಕಣ್ಣಿಗೆ ಕಾಣದ ಜೀವಾಣುಗಳು. ಒಂದು ಜಾತಿಯವು ಅಮೋನಿಯಾವನ್ನು ನೈಟ್ರೈಟಾಗಿಯೂ, ಇನ್ನೊಂದು ಜಾತಿಯವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನಮ್ಮ ಹಳ್ಳಿಗಳ ಹಳೆಯ ಗೋಡೆಯ ಬುಡದಲ್ಲಿ ಬಿಳಿಯ ಹೂವಿನಂತೆ ಉಕ್ಕುವ ಪೆಟ್ಲುಪ್ಪು ಈ ಕೊನೆಯ ಕುಲಕ್ಕೆ ಸೇರಿದುದು. ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಿಂದ ಈ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದನು. ತಿಪ್ಪೆಯ ಗೊಬ್ಬರ ಪೈರಿಗೆ ಆಹಾರವಾಗುವ ಕ್ರಿಯೆಯೂ ಗಾಜಿನ ತೊಟ್ಟಿ ಮೀನಿಗೆ ಮನೆಯಾಗುವ ಕ್ರಿಯೆಯೂ ತತ್ತ್ವದಲ್ಲಿ ಒಂದೇ. ಈ ಜೀವಾಣುಗಳು ನೀರಿನಲ್ಲಿ ಹೆಚ್ಚಾಗಿ ತೇಲಾಡುವುದಿಲ್ಲ; ಹರಳುಗಳ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಮಿಗಿಲಾಗಿ ಸ್ಪಂಜಿನ ರಂಧ್ರಗಳಲ್ಲಿ, ಕಂದುಬಣ್ಣದ ಲೋಳೆಯಾಗಿ ಅಂಟಿಕೊಂಡು ವಾಸಿಸುತ್ತವೆ. ನಾನು ಕೊಳೆಯೆಂದು ತಿಳಿದು ಹಿಂಡಿ ಹಾಕಿದುದು ಅವುಗಳ ಐದು ವರ್ಷದ ಸಂಸಾರವನ್ನು. ಅಳಿದುಳಿದವನ್ನು ನಲ್ಲಿಯ ನೀರಿನ ಕ್ಲೋರಿನ್ ಕೊಂದಿತು. ಮತ್ತೆ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಅಷ್ಟು ಕಾಲ ಕನಕ ತನ್ನದೇ ಉಸಿರಿನ ವಿಷದಲ್ಲಿ ಈಜಬೇಕಾಗಿದ್ದಿತು.

ಎರಡು ಮಿಲಿಗ್ರಾಂ ಒಂದು ಮೀನನ್ನು ಕೊಲ್ಲುವುದಕ್ಕೆ ಸಾಕೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟುದು ಕ್ಯಾಲ್ಕ್ ಎಂಬ ಲೆಕ್ಕದ ಹಾಳೆ. 2010ರಲ್ಲಿ ಸ್ವಯಂಸೇವಕರು ಹಳೆಯದೊಂದರಿಂದ ಕವಲೊಡೆಯಿಸಿ ಕಟ್ಟಿದ ಲಿಬ್ರೆ ಆಫೀಸ್ ಎಂಬ ಸಮೂಹದ ಒಂದು ಅಂಗವಿದು. ಇದರ ಆದೇಶಪಟ್ಟಿಗಳನ್ನು ಕನ್ನಡದಲ್ಲಿಯೇ ಪಡೆಯಬಹುದಾದುದರಿಂದ ಮಗುವಿಗೆ ನನ್ನ ಸಹಾಯ ಬೇಕಾಗಲಿಲ್ಲ. ನೀರಿನಲ್ಲಿ ಅಮೋನಿಯಾ ಎರಡು ವೇಷಗಳಲ್ಲಿರುತ್ತದೆ. ವಿದ್ಯುದಂಶವನ್ನು ಧರಿಸಿದ ಅಮೋನಿಯಂ ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಲಾರದು. ಅದಿಲ್ಲದ ಬರಿಯ ಅಮೋನಿಯಾ ದಾಟುತ್ತದೆ, ಕೊಲ್ಲುತ್ತದೆ. ಎರಡರ ಪಾಲು ನೀರಿನ ಉಷ್ಣತೆಯನ್ನೂ ಕ್ಷಾರತೆಯನ್ನು ಸೂಚಿಸುವ ಪಿಎಚ್ ಅಂಕವನ್ನೂ ಅವಲಂಬಿಸಿದೆ. ಆ ಪಾಲನ್ನು ಹೇಳುವ ಸೂತ್ರವೊಂದು 1975ರಲ್ಲಿ ಕೆನಡಾದ ಮತ್ಸ್ಯಸಂಶೋಧನೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಷ್ಣತೆಗೆ 273.15ನ್ನು ಕೂಡಿಸಿ, ಆ ಮೊತ್ತದಿಂದ 2729.92ನ್ನು ಭಾಗಿಸಿ, ಭಾಗಲಬ್ಧಕ್ಕೆ 0.09018ನ್ನು ಸೇರಿಸಿ, ಬಂದುದರಿಂದ ಪಿಎಚ್ ಅಂಕವನ್ನು ಕಳೆದು, ಉಳಿದುದನ್ನು ಹತ್ತರ ಘಾತವಾಗಿಟ್ಟು, ಒಂದನ್ನು ಕೂಡಿಸಿ, ಆ ಸಂಖ್ಯೆಯಿಂದ ಒಂದನ್ನು ಭಾಗಿಸಬೇಕು. ಕಾಗದದ ಮೇಲೆ ಮಾಡಿದರೆ ಒಂದು ಲೆಕ್ಕಕ್ಕೆ ಅರ್ಧ ಗಂಟೆ ಹಿಡಿದೀತು. ಹಾಳೆಯ ಒಂದು ಕೋಣೆಯಲ್ಲಿ ಒಮ್ಮೆ ಬರೆದು ಕೆಳಕ್ಕೆ ಎಳೆದರೆ, ಹನ್ನೆರಡು ದಿನಗಳ ಉತ್ತರವೂ ಒಂದರ ಕೆಳಗೊಂದು ಮೂಡುತ್ತದೆ.

ನಮ್ಮ ನಲ್ಲಿಗೆ ಬರುವ ಕೊಳವೆಬಾವಿಯ ನೀರಿನ ಪಿಎಚ್ 8.2, ಚೈತ್ರದ ಬಿಸಿಲಿಗೆ ತೊಟ್ಟಿಯ ಉಷ್ಣತೆ 29 ಡಿಗ್ರಿಗೆ ಏರಿದ್ದಿತು. ಆ ಸ್ಥಿತಿಯಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಹತ್ತಕ್ಕೂ ಮಿಕ್ಕ ಪಾಲು ವಿಷರೂಪದ್ದು. ಎರಡು ಮಿಲಿಗ್ರಾಮಿನಲ್ಲಿ 0.21 ಮಿಲಿಗ್ರಾಂ ಎಂದಾಯಿತು. ಮೀನು ಸಾಕುವವರು ಸಾಮಾನ್ಯವಾಗಿ ಎಚ್ಚರಿಕೆಯ ಮೇರೆಯೆಂದು ಹಿಡಿಯುವುದು 0.02ನ್ನು. ಹತ್ತುಪಟ್ಟು. ಮೊಮ್ಮಗಳು ಸುಮ್ಮನಿರದೆ ಉಷ್ಣತೆಯ ಕೋಣೆಯಲ್ಲಿ 20 ಎಂದು ಬರೆದಳು. ವಿಷದ ಪಾಲು ಸುಮಾರು ಅರ್ಧಕ್ಕಿಳಿದು 0.12 ಆಯಿತು. 29ನ್ನು ಮರಳಿಸಿ ಪಿಎಚ್ ಅಂಕವನ್ನು 7 ಎಂದು ಮಾಡಿದಳು, 0.015ಕ್ಕೆ ಇಳಿಯಿತು. ಅಷ್ಟೇ ಅಮೋನಿಯಾ ಮೃದುವಾದ ನೀರಿನಲ್ಲಿದ್ದಿದ್ದರೆ ಕನಕ ಬದುಕುತ್ತಿದ್ದನೇ ಎಂದು ಕೇಳಿದಳು. ಬದುಕಬಹುದಾಗಿತ್ತು ಎಂದೆನು. ಗಡುಸಾದ ಕೊಳವೆಬಾವಿಯ ನೀರು, ಬೇಸಗೆಯ ಸೆಕೆ, ತೊಳೆದ ಸ್ಪಂಜು ಈ ಮೂರೂ ಒಂದೇ ವಾರದಲ್ಲಿ ಕೂಡಿದುವು. ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಹಬ್ಬದ ಶುದ್ಧಿಯ ಬೆನ್ನಿಗೇ ಮೀನುಗಳು ಸಾಯುವುದಕ್ಕೆ ಕಾರಣ ದೃಷ್ಟಿ ತಾಗಿದುದಲ್ಲ, ಈ ಮೂರರ ಕೂಟವೆಂದು ನಾನು ಈಗ ನಂಬಿದ್ದೇನೆ.

ಇನ್ನುಳಿದುವು ಚಲನಚಿತ್ರಗಳು. ಅವನ್ನು ನೋಡಲು ನಾನು ಕೆಲವು ದಿನ ಹಿಂಜರಿದೆನು. ಪ್ಯಾರಿಸಿನ ವಿದ್ಯಾರ್ಥಿಗಳು ಕಟ್ಟಿ 2001ರಲ್ಲಿ ಮುಕ್ತಗೊಳಿಸಿದ ವಿಎಲ್‌ಸಿ ಎಂಬ ಸಾಧನದಲ್ಲಿ, ವೇಗವನ್ನು ಕಾಲುಭಾಗಕ್ಕಿಳಿಸಬಹುದು; ಒಂದು ಕೀಲಿಯನ್ನು ಒತ್ತುತ್ತ ಹೋದರೆ ಒಂದೊಂದೇ ಚಿತ್ರವಾಗಿ ಮುಂದುವರಿಯಬಹುದು. ಹಾಗೆ ನಿಧಾನವಾಗಿ ನಡೆಸಿ, ಕಿವಿರಿನ ಮುಚ್ಚಳ ತೆರೆದು ಮುಚ್ಚುವುದನ್ನು ಇಬ್ಬರೂ ಪ್ರತ್ಯೇಕವಾಗಿ ಎಣಿಸಿದೆವು. ಶುದ್ಧಿಗೆ ಮುಂಚಿನ ಸಂಜೆಗಳಲ್ಲಿ ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಲ್ಲಿದ್ದುದು ಎಂಟನೆಯ ದಿನ ನೂರನ್ನು ದಾಟಿ, ಹತ್ತನೆಯ ದಿನ 118ಕ್ಕೆ ಮುಟ್ಟಿದ್ದಿತು. ಹೊರಗಿನ ನೀರಿನಲ್ಲಿಯೇ ಅಮೋನಿಯಾ ತುಂಬಿರುವಾಗ ಒಳಗಿನದು ಹೊರಬರಲಾರದೆ ರಕ್ತದಲ್ಲಿಯೇ ಉಳಿಯುತ್ತದೆ. ಕಿವಿರಿನ ಸೂಕ್ಷ್ಮ ಎಸಳುಗಳು ಊದಿಕೊಂಡು ಪ್ರಾಣವಾಯುವಿಗೂ ದಾರಿ ಕಿರಿದಾಗುತ್ತದೆ. ಬೆಚ್ಚಗಿನ ನೀರು ಹಿಡಿದಿಟ್ಟುಕೊಳ್ಳುವ ಪ್ರಾಣವಾಯುವೂ ಅಲ್ಪ. ಆದುದರಿಂದಲೇ ಕನಕ ಕೊನೆಯ ದಿನಗಳಲ್ಲಿ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಿತು. ಹಸಿವೆಂದು ತಿಳಿದು ನಾನು ಇನ್ನೊಂದು ಚಿಟಿಕೆ ಆಹಾರ ಉದುರಿಸಿದೆನು. ಚಿತ್ರದಲ್ಲಿ ಅದೂ ದಾಖಲಾಗಿದೆ: ನನ್ನ ಕೈ, ಉದುರುವ ಕಾಳುಗಳು, ಅವುಗಳ ಕಡೆಗೆ ತಿರುಗದ ಮೀನು.

ಏನು ಮಾಡಬಹುದಾಗಿತ್ತು ಎಂಬುದನ್ನು ತೊಟ್ಟಿಯಿಟ್ಟಿರುವ ಓದುಗರಿಗಾಗಿ ಹೇಳಿಬಿಡುತ್ತೇನೆ. ಸ್ಪಂಜನ್ನು ಎಂದೂ ನಲ್ಲಿಯ ಕೆಳಗೆ ತೊಳೆಯಕೂಡದು; ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಒಂದೆರಡು ಸಲ ಅದ್ದಿ ಹಿಂಡಿದರೆ ಸಾಕು, ಕಂದುಬಣ್ಣ ಉಳಿಯಲಿ. ಹರಳನ್ನೂ ಸ್ಪಂಜನ್ನೂ ಒಂದೇ ದಿನ ಮುಟ್ಟಬಾರದು. ಪರೀಕ್ಷೆಯ ಬಣ್ಣವನ್ನು ಹಗಲಿನ ಬೆಳಕಿನಲ್ಲಿಯೇ ನೋಡಬೇಕು. ಹಸುರು ಕಂಡ ದಿನವೇ ಆಹಾರ ನಿಲ್ಲಿಸಿ, ಕ್ಲೋರಿನ್ ಕಳೆದ, ಅಷ್ಟೇ ಬೆಚ್ಚಗಿರುವ ನೀರಿನಿಂದ ಅರ್ಧ ತೊಟ್ಟಿಯನ್ನು ಬದಲಿಸಿ, ಗಾಳಿಯ ಗುಳ್ಳೆಗಳನ್ನು ಹೆಚ್ಚಿಸಬೇಕು. ಹೊಂಬಣ್ಣದ ಮೀನು ಇಡೀ ದಿನ, ಎರಡು ದಿನ ಉಪವಾಸವಿರಬಲ್ಲುದು. ಅರ್ಧ ನೀರನ್ನು ಬದಲಿಸಿದ್ದರೆ ವಿಷವೂ ಅರ್ಧವಾಗುತ್ತಿದ್ದಿತೆಂಬುದನ್ನು ಕಾಣಲು ಯಾವ ಸೂತ್ರವೂ ಬೇಡ.

ಹಾಳೆಯನ್ನು ಪೂರ್ಣಗೊಳಿಸುವಾಗ ನಮ್ಮಿಬ್ಬರಲ್ಲಿ ಒಂದು ಚಿಕ್ಕ ವಿವಾದವಾಯಿತು. ಕಿವಿರಿನ ಎಣಿಕೆಯ ಸಾಲಿನಲ್ಲಿ ಹನ್ನೆರಡನೆಯ ದಿನದ ಕೋಣೆಗೆ ನಾನು ಸೊನ್ನೆಯನ್ನು ತುಂಬಹೋದೆನು. ಮಗು ನನ್ನ ಕೈ ಹಿಡಿದು ತಡೆದಳು. ಸೊನ್ನೆ ಹಾಕಿದರೆ ನಾವು ಎಣಿಸಿದೆವು, ಉಸಿರೇ ಇರಲಿಲ್ಲ ಎಂದಾಗುತ್ತದೆ. ಆ ಬೆಳಿಗ್ಗೆ ನಾವು ಎಣಿಸಲೇ ಇಲ್ಲವಲ್ಲ ಎಂದಳು. ಲೆಕ್ಕದ ಹಾಳೆಯ ನಿಯಮವೂ ಅವಳ ಪಕ್ಷದಲ್ಲಿಯೇ ಇದೆ: ಸರಾಸರಿ ತೆಗೆಯುವಾಗ ಸೊನ್ನೆಯನ್ನು ಅದು ಒಂದು ಅಳತೆಯೆಂದು ಸೇರಿಸಿಕೊಳ್ಳುತ್ತದೆ, ಬರಿದಾದ ಕೋಣೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಕೋಣೆ ಬರಿದಾಗಿಯೇ ಉಳಿದಿದೆ.

ತೊಟ್ಟಿಯನ್ನು ನಾವು ತೆಗೆದುಹಾಕಿಲ್ಲ. ನೀರು ತುಂಬಿ, ಯಂತ್ರ ನಡೆಸಿ, ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಆಹಾರ ಹಾಕಿ ಅದು ಕೊಳೆತು ಕೊಡುವ ಅಮೋನಿಯಾದಿಂದ ಜೀವಾಣುಗಳನ್ನು ಮರಳಿ ಬೆಳೆಸುತ್ತಿದ್ದೇವೆ. ಅದೇ ಹಾಳೆಯ ಕೆಳಗೆ ಹೊಸ ಸಾಲುಗಳು ಸೇರುತ್ತಿವೆ; ಮೂರನೆಯ ವಾರದಲ್ಲಿ ಅಮೋನಿಯಾದ ಗೆರೆ ಇಳಿಯತೊಡಗಿದೆ, ನೈಟ್ರೈಟಿನ ಗೆರೆ ಇನ್ನೂ ಏರುತ್ತಿದೆ. ಎರಡೂ ಸೊನ್ನೆಗೆ ಮುಟ್ಟಿ ಒಂದು ವಾರ ಅಲ್ಲಿಯೇ ನಿಲ್ಲುವವರೆಗೆ ಅಂಗಡಿಗೆ ಹೋಗುವ ಮಾತೇ ಇಲ್ಲವೆಂದು ಮೊಮ್ಮಗಳು ಹೇಳಿದ್ದಾಳೆ. ಪರೀಕ್ಷೆಯನ್ನು ಈಗ ಅವಳು ಶಾಲೆಗೆ ಹೊರಡುವ ಮೊದಲು, ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಬೆಳಗಿನ ಬೆಳಕಿನಲ್ಲಿ ಮಾಡುತ್ತಾಳೆ.